ಸಂಜೆ ಏಳರ ಮೇಲೆ ನಮ್ಮ ಹುಡುಗರಿಗೆ ಎರಡು ಗಂಟೆ

ಮುಂಬಯಿಯ ಕನ್ನಡ ಬಂಧುಗಳಲ್ಲಿ ಒಂದು ಮನವಿ.

ಎಸ್ಸೆಸ್ಸಿಯಲ್ಲಿ ಗಣಿತ ಹೋಯಿತು, ಇಲ್ಲವೇ ಇಂಗ್ಲಿಷ್ ಹೋಯಿತು. ಮರುಪರೀಕ್ಷೆಗೆ ಕೂರುತ್ತೇನೆ ಎಂದಿದ್ದ ಹುಡುಗ ಅದು ಬರುವಷ್ಟರಲ್ಲಿ ಕೇಟರಿಂಗ್‌ನವರ ಜೊತೆ ಕೆಲಸಕ್ಕೆ ಹೊರಟುಬಿಟ್ಟ. ಮನೆಯಲ್ಲಿ ಯಾರೂ ತಡೆಯಲಿಲ್ಲ, ಯಾಕೆಂದರೆ ಅವನು ತರುವ ದುಡ್ಡು ಬೇಕಾಗಿತ್ತು. ಎರಡು ವರ್ಷ ಕಳೆದ ಮೇಲೆ ಪುಸ್ತಕ ಎಲ್ಲಿದೆ ಎಂದು ಅವನಿಗೂ ಗೊತ್ತಿಲ್ಲ. ಹದಿನಾರರಿಂದ ಇಪ್ಪತ್ತೆರಡರ ಒಳಗಿನ ಇಂಥ ಹುಡುಗರು ನಮ್ಮ ಹೋಟೆಲುಗಳಲ್ಲಿದ್ದಾರೆ, ಧಾರಾವಿ, ಗೋವಂಡಿ, ಮಾನ್‌ಖುರ್ದ್‌ಗಳ ಗಲ್ಲಿಗಳಲ್ಲಿದ್ದಾರೆ, ಬೆಳಗ್ಗೆ ನಾಕಾದಲ್ಲಿ ಕೂಲಿಗಾಗಿ ನಿಲ್ಲುವವರ ಸಾಲಿನಲ್ಲಿದ್ದಾರೆ. ನಿಮ್ಮ ಕಟ್ಟಡಕ್ಕೆ ಪಾರ್ಸೆಲ್ ತಂದುಕೊಟ್ಟು ಓಡುವವರಲ್ಲೂ ಒಬ್ಬಿಬ್ಬರು ಕನ್ನಡದವರೇ. ಅವರಿಗಾಗಿ ವಾರಕ್ಕೆ ಎರಡು ಸಂಜೆ ಕೊಡಿ ಎಂದು ಕೇಳಲು ಇದನ್ನು ಬರೆಯುತ್ತಿದ್ದೇನೆ. ಒಂದು ಗಂಟೆ ಪಾಠಕ್ಕೆ, ಒಂದು ಗಂಟೆ ಬದುಕಿನ ಮಾತಿಗೆ. ಎರಡೂ ಒಂದೇ ಕೋಣೆಯಲ್ಲಿ, ಒಬ್ಬರೇ ಮೇಷ್ಟ್ರ ಎದುರಿಗೆ.

ನಮಗಿದು ಹೊಸ ಕೆಲಸವೇನಲ್ಲ. ಮೊಗವೀರ ವ್ಯವಸ್ಥಾಪಕ ಮಂಡಳಿ ಈ ಊರಲ್ಲಿ ಹುಟ್ಟಿದ್ದು 1902ರಲ್ಲಿ. ಮೈಸೂರು ಅಸೋಸಿಯೇಶನ್ 1926ರಲ್ಲಿ, ಬಂಟರ ಸಂಘ 1927ರಲ್ಲಿ, ಬಿಲ್ಲವರ ಅಸೋಸಿಯೇಶನ್ 1932ರಲ್ಲಿ. ಮಂಗಳೂರು, ಉಡುಪಿ, ಕುಂದಾಪುರದ ಕಡೆಯಿಂದ ಹಡಗು ಹತ್ತಿ ಬಂದ ಹುಡುಗರು ಹೋಟೆಲಿನಲ್ಲಿ ಲೋಟ ತೊಳೆದರು, ಟೇಬಲ್ ಒರೆಸಿದರು, ಬಾಗಿಲು ಹಾಕಿದ ಮೇಲೆ ಅದೇ ಟೇಬಲ್‌ಗಳನ್ನು ಜೋಡಿಸಿ ಮಲಗಿದರು. ಅವರಿಗಾಗಿ ಮೊಗವೀರರ ರಾತ್ರಿ ಶಾಲೆ ನಡೆಯಿತು, ಬಿಲ್ಲವರ ಗುರುನಾರಾಯಣ ರಾತ್ರಿ ಶಾಲೆ ನಡೆಯಿತು, ಕೋಟೆ ಪ್ರದೇಶದಲ್ಲಿ ಕನ್ನಡ ಶಾಲೆಗಳ ದೀಪ ಸಂಜೆಯೂ ಉರಿಯಿತು. ಆ ಶಾಲೆಗಳಲ್ಲಿ ಓದಿದವರು ಮುಂದೆ ಗುಮಾಸ್ತರಾದರು, ವಕೀಲರಾದರು, ಹೋಟೆಲ್ ಮಾಲೀಕರಾದರು, ನಮ್ಮ ಸಂಘಗಳ ಪದಾಧಿಕಾರಿಗಳಾದರು. 1978ರಲ್ಲಿ ಬಿಲ್ಲವರ ಅಸೋಸಿಯೇಶನ್ ಭಾರತ್ ಬ್ಯಾಂಕನ್ನೇ ಕಟ್ಟಿತು.

ಆ ರಾತ್ರಿ ಶಾಲೆಯ ಮೇಷ್ಟ್ರು ಹಗಲು ಎಲ್ಲೋ ಆಫೀಸಿನಲ್ಲಿ ದುಡಿದು ಸಂಜೆ ಬರುತ್ತಿದ್ದವರು. ಹುಡುಗನ ಕಾಗುಣಿತ ತಿದ್ದುವವರೂ ಅವರೇ, ಊರಿಗೆ ಮನಿಯಾರ್ಡರ್ ಫಾರಂ ತುಂಬಿಸುವವರೂ ಅವರೇ. ಸಂಬಳ ಕೊಡದ ದಣಿಯ ಹತ್ತಿರ ಹೇಗೆ ಮಾತಾಡಬೇಕೆಂದು ಹೇಳಿಕೊಡುವವರೂ ಅವರೇ. ತರಗತಿ ಮುಗಿದ ಮೇಲೆ ಮೆಟ್ಟಿಲ ಹತ್ತಿರ ನಿಂತು ಹೇಳಿದ ಆ ಮಾತುಗಳು ಯಾವ ಪಠ್ಯಕ್ರಮದಲ್ಲೂ ಇರಲಿಲ್ಲ. ಅದನ್ನು ಬೇರೆ ಪಿರಿಯಡ್ ಎಂದು ಯಾರೂ ಭಾವಿಸಲೂ ಇಲ್ಲ.

ಆಮೇಲೆ ಕಾಲ ಬದಲಾಯಿತು. 2006ರ ಅಕ್ಟೋಬರ್ 10ರಿಂದ ಹದಿನಾಲ್ಕು ವರ್ಷದೊಳಗಿನ ಮಕ್ಕಳನ್ನು ಹೋಟೆಲ್, ಢಾಬಾ, ಮನೆಗೆಲಸಕ್ಕೆ ಇಟ್ಟುಕೊಳ್ಳುವುದು ನಿಷಿದ್ಧವಾಯಿತು. ಬಹಳ ಒಳ್ಳೆಯದಾಯಿತು. ಚಿಕ್ಕ ಹುಡುಗರು ಹೋಟೆಲಿಗೆ ಬರುವುದು ಕಡಿಮೆಯಾಯಿತು, ಕರಾವಳಿಯ ಮನೆಗಳ ಸ್ಥಿತಿಯೂ ಸುಧಾರಿಸಿತು, ರಾತ್ರಿ ಶಾಲೆಗಳ ಬೆಂಚು ಖಾಲಿಯಾಗುತ್ತ ಬಂತು. 2017ರ ಮೇ ತಿಂಗಳಲ್ಲಿ ರಾಜ್ಯ ಸರ್ಕಾರ ಹಗಲು ಶಾಲೆಯ ಶಿಕ್ಷಕರು ರಾತ್ರಿ ಶಾಲೆಯಲ್ಲೂ ದುಡಿಯುವಂತಿಲ್ಲ ಎಂದು ಆದೇಶ ಹೊರಡಿಸಿದಾಗ ಅನುಭವಿ ಶಿಕ್ಷಕರು ಒಮ್ಮೆಲೇ ಕೈಬಿಟ್ಟುಹೋದರು. ಉಳಿದ ರಾತ್ರಿ ಶಾಲೆಗಳಿಗಾಗಿ ಇಂದಿಗೂ ದುಡಿಯುವವರಿದ್ದಾರೆ. ನಿಕಿತಾ ಕೇತ್ಕರ್ 2008ರಲ್ಲಿ ಆರಂಭಿಸಿದ ಮಾಸೂಮ್ ಸಂಸ್ಥೆ ಕೆಲಸದಿಂದ ನೇರವಾಗಿ ಬರುವ ಹಸಿದ ಮಕ್ಕಳಿಗೆ ಮೊದಲು ತಿನ್ನಲು ಕೊಟ್ಟು ಆಮೇಲೆ ಪಾಠಕ್ಕೆ ಕೂರಿಸುತ್ತದೆ. ಈ ಒಂದು ಸಂಗತಿಯಿಂದಲೇ ಅವರಿಗೆ ಹುಡುಗರ ಕಷ್ಟ ಗೊತ್ತಿದೆ ಎಂದು ನನಗೆ ಅನ್ನಿಸಿತು.

ನಮ್ಮ ಹುಡುಗರು ಮಾತ್ರ ಕಣ್ಮರೆಯಾಗಿಲ್ಲ. ಬೇರೆ ಕಡೆಯಿಂದ ಬಂದಿದ್ದಾರೆ. ಕಲಬುರಗಿ, ಯಾದಗಿರಿ, ವಿಜಯಪುರದಿಂದ ಬಂದು ಕಟ್ಟಡದ ಕೆಲಸಕ್ಕೆ ನಿಂತ ಕುಟುಂಬಗಳ ಮಕ್ಕಳು ಅವರು. ಮುಂಬಯಿ ಮಹಾನಗರಪಾಲಿಕೆ ಇಂದಿಗೂ ಎಂಟು ಭಾಷೆಗಳಲ್ಲಿ ಶಾಲೆ ನಡೆಸುತ್ತದೆ, ಅದರಲ್ಲಿ ಕನ್ನಡವೂ ಒಂದು. ಅಲ್ಲಿಂದ ಹೊರಬಿದ್ದ ಹುಡುಗನಿಗೆ ಮುಂದೇನು ಎಂದು ಹೇಳುವವರು ಯಾರೂ ಇಲ್ಲ. ಅವನು ನಮ್ಮ ಸಂಘದ ಸದಸ್ಯನ ಮಗ ಅಲ್ಲ, ನಮ್ಮ ಜಾತಿಯವನಲ್ಲ, ನಮ್ಮ ಜಿಲ್ಲೆಯವನಲ್ಲ. ಹೀಗೆಂದು ಕೈಬಿಟ್ಟರೆ ಅವನಿಗೆ ಈ ಊರಲ್ಲಿ ಬೇರೆ ಯಾರಿದ್ದಾರೆ ಹೇಳಿ.

ಈಗ ನಡೆಯುತ್ತಿರುವುದು ಏನೆಂದರೆ, ಪಾಠ ಒಂದು ಕಡೆ, ಬದುಕು ಇನ್ನೊಂದು ಕಡೆ. ಟ್ಯೂಶನ್ ಕ್ಲಾಸಿನವರಿಗೆ ಅಂಕ ಬೇಕು. ಅವರು ಹುಡುಗನ ಮುಖ ನೋಡುವುದಿಲ್ಲ. ಇನ್ನು ಜೀವನ ಕೌಶಲದ ಶಿಬಿರ ಎಂದರೆ ಭಾನುವಾರ ಬೆಳಗ್ಗೆ ಬ್ಯಾನರ್, ಅತಿಥಿಗಳಿಗೆ ಶಾಲು, ಮೂರು ಗಂಟೆ ಉಪನ್ಯಾಸ, ಊಟ, ಫೋಟೊ. ಮಾರನೆಯ ದಿನ ಆ ಹುಡುಗನಿಗೆ ಫೋನ್ ಮಾಡಿ ಹೇಗಿದ್ದೀಯಪ್ಪಾ ಎಂದು ಕೇಳುವವರಿಲ್ಲ. ವಿಶ್ವ ಆರೋಗ್ಯ ಸಂಸ್ಥೆ 1990ರ ದಶಕದಲ್ಲೇ ಹತ್ತು ಕೌಶಲಗಳನ್ನು ಗುರುತಿಸಿತ್ತು. ತನ್ನನ್ನು ತಾನು ಅರಿಯುವುದು, ಇನ್ನೊಬ್ಬರ ನೋವು ತಿಳಿಯುವುದು, ಯೋಚಿಸಿ ನಿರ್ಧರಿಸುವುದು, ಸಿಟ್ಟು ಸಂಕಟಗಳನ್ನು ತಾಳಿಕೊಳ್ಳುವುದು ಇವೆಲ್ಲ ಅದರಲ್ಲಿವೆ. ನಮ್ಮ ಬೆಂಗಳೂರಿನ ನಿಮ್ಹಾನ್ಸ್ ಸಂಸ್ಥೆ ಹೈಸ್ಕೂಲು ಶಿಕ್ಷಕರೇ ತರಗತಿಯಲ್ಲಿ ನಡೆಸಬಹುದಾದ ಚಟುವಟಿಕೆಗಳ ಕೈಪಿಡಿಗಳನ್ನೂ ಸಿದ್ಧಪಡಿಸಿದೆ. ಸಾಮಗ್ರಿಗೆ ಕೊರತೆ ಇಲ್ಲ. ಕೊರತೆ ಇರುವುದು ವಾರ ವಾರ ಬಂದು ಕೂರುವ ಮನುಷ್ಯರಿಗೆ.

ಪಾಠ, ಬದುಕು ಎರಡನ್ನೂ ಒಟ್ಟಿಗೆ ಕಲಿಸುವುದು ಹೇಗೆ ಎಂದು ಕೇಳುವವರಿಗೆ ಒಂದು ಲೆಕ್ಕ ತೋರಿಸುತ್ತೇನೆ. ಮಹಾರಾಷ್ಟ್ರದ ಹತ್ತನೇ ತರಗತಿಯ ಬೀಜಗಣಿತದಲ್ಲಿ ಜಿಎಸ್‌ಟಿ ಮತ್ತು ಷೇರುಗಳ ಅಧ್ಯಾಯ ಇದೆ. ಹುಡುಗರು ಅದನ್ನು ಕಂಡರೆ ಹೆದರುತ್ತಾರೆ. ಹೋಟೆಲಿನಲ್ಲಿ ಸಪ್ಲೈಯರ್ ಆಗಿರುವ ಹುಡುಗ ದಿನವಿಡೀ ಸೋಂಪಿನ ತಟ್ಟೆಯಲ್ಲಿ ಬಿಲ್ ಇಟ್ಟುಕೊಂಡು ಓಡಾಡುತ್ತಾನೆ. ಆ ಬಿಲ್ಲನ್ನೇ ಮೇಜಿನ ಮೇಲೆ ಇಡಿ. ತಿಂಡಿ 240 ರೂಪಾಯಿ. ನೂರಕ್ಕೆ ಎರಡೂವರೆಯಂತೆ ಕೇಂದ್ರಕ್ಕೆ ಆರು ರೂಪಾಯಿ, ರಾಜ್ಯಕ್ಕೆ ಆರು ರೂಪಾಯಿ, ಒಟ್ಟು 252. ಪುಸ್ತಕದಲ್ಲಿರುವುದು ಇದೇ ಲೆಕ್ಕ ಎಂದು ತಿಳಿದ ಕೂಡಲೇ ಅವನ ಕೈ ಪೆನ್ಸಿಲ್ ಹಿಡಿಯುವ ರೀತಿಯೇ ಬೇರೆಯಾಗುತ್ತದೆ. ಅಲ್ಲಿಗೇ ನಿಲ್ಲಿಸಬೇಡಿ. ಗಿರಾಕಿ ಒಬ್ಬ, "ಇದ್ಯಾವುದು ಹನ್ನೆರಡು ರೂಪಾಯಿ, ಕಳ್ಳ ಲೆಕ್ಕವಾ?" ಎಂದು ಎಲ್ಲರೆದುರಿಗೆ ಕೂಗಿದ ಎನ್ನಿ. ನೀನೇನು ಹೇಳುತ್ತೀಯ? ಒಬ್ಬ ಹುಡುಗ ಗಿರಾಕಿಯಾಗಲಿ, ಇನ್ನೊಬ್ಬ ಸಪ್ಲೈಯರ್ ಆಗಲಿ. ಮೊದಲ ಸಲ ಇಬ್ಬರೂ ಜಗಳಕ್ಕೇ ಬೀಳುತ್ತಾರೆ. ಎರಡನೇ ಸಲ ಒಬ್ಬ ಉಸಿರು ತೆಗೆದುಕೊಂಡು, "ಸಾರ್, ಇಲ್ಲಿ ನೋಡಿ" ಎಂದು ಬಿಲ್ಲಿನ ಸಾಲು ತೋರಿಸುತ್ತಾನೆ. ಗಣಿತ ಬಂದದ್ದರಿಂದ ಧೈರ್ಯ ಬಂತು, ಧೈರ್ಯ ಬಂದದ್ದರಿಂದ ಸಿಟ್ಟು ಇಳಿಯಿತು.

ಇನ್ನೊಂದು ಲೆಕ್ಕ ಇದಕ್ಕಿಂತ ಕಠಿಣ. ಮೊಬೈಲಿನ ಸಾಲದ ಆ್ಯಪ್ ಐದು ಸಾವಿರ ಕೊಡುತ್ತೇನೆ ಎನ್ನುತ್ತದೆ, ಶುಲ್ಕ ಮುರಿದುಕೊಂಡು ಕೈಗೆ ಮೂರೂವರೆ ಸಾವಿರ ಕೊಡುತ್ತದೆ, ಏಳು ದಿನಕ್ಕೆ ಐದು ಸಾವಿರ ಕಟ್ಟು ಎನ್ನುತ್ತದೆ. ನೂರಕ್ಕೆ ಎಷ್ಟಾಯಿತು? ಹುಡುಗರೇ ಮಾಡಲಿ. ಒಂದು ವಾರಕ್ಕೆ ನೂರಕ್ಕೆ ಸುಮಾರು 43. ಉತ್ತರ ಬಂದಾಗ ಕೋಣೆಯಲ್ಲಿ ಯಾರೋ ಒಬ್ಬ ಮಾತು ನಿಲ್ಲಿಸಿ ತಲೆ ತಗ್ಗಿಸುತ್ತಾನೆ. ಅವನು ಆ ಸಾಲ ತೆಗೆದುಕೊಂಡಿದ್ದಾನೆ. ಈಗ ಕೇಳಬೇಕಾದ ಪ್ರಶ್ನೆ ಬೇರೆ: ಬೆದರಿಕೆಯ ಫೋನ್ ಬಂದರೆ, ಫೋಟೊ ತಿದ್ದಿ ಊರವರಿಗೆಲ್ಲ ಕಳಿಸುತ್ತೇವೆ ಎಂದರೆ ಯಾರಿಗೆ ಹೇಳುತ್ತೀಯ? ಅಪ್ಪನಿಗಾ, ಅಕ್ಕನಿಗಾ, ಸೇಠ್‌ಗಾ? "ಯಾರಿಗೂ ಹೇಳಲ್ಲ" ಎನ್ನುವ ಉತ್ತರವೇ ನನ್ನನ್ನು ಹೆಚ್ಚು ಹೆದರಿಸುವುದು. ಸೈಬರ್ ವಂಚನೆಗೆ 1930ಕ್ಕೆ ಫೋನ್ ಮಾಡಬಹುದು ಎಂಬುದು ಅವನಿಗೆ ಗೊತ್ತಿರಬೇಕು. ಅದಕ್ಕಿಂತ ಮೊದಲು, ಗುರುವಾರ ಸಂಜೆ ಮೇಷ್ಟ್ರು ಬರುತ್ತಾರೆ, ಅವರ ಹತ್ತಿರ ಹೇಳಿಕೊಳ್ಳಬಹುದು ಎಂಬ ನಂಬಿಕೆ ಇರಬೇಕು.

ಹೇಳಿಕೊಳ್ಳದ ಸಂಕಟ ಎಲ್ಲಿಗೂ ಮುಟ್ಟಬಹುದು. 2022ರಲ್ಲಿ ನಮ್ಮ ದೇಶದಲ್ಲಿ ಆತ್ಮಹತ್ಯೆ ಮಾಡಿಕೊಂಡವರು 1,70,924 ಮಂದಿ ಎಂದು ರಾಷ್ಟ್ರೀಯ ಅಪರಾಧ ದಾಖಲೆ ಬ್ಯೂರೋ ಲೆಕ್ಕ ಕೊಟ್ಟಿತು. ಅವರಲ್ಲಿ ಗಂಡಸರು 1,22,724. ದಿನಗೂಲಿಯವರ ಪಾಲು ಕಾಲು ಭಾಗಕ್ಕಿಂತ ಹೆಚ್ಚು. ಗಂಡಸು ಅಳಬಾರದು, ಕಷ್ಟ ಹೇಳಿಕೊಳ್ಳಬಾರದು ಎಂದು ಚಿಕ್ಕಂದಿನಿಂದ ಹೇಳಿಕೊಟ್ಟವರು ನಾವೇ. ಹೇಳಿಕೊಳ್ಳುವುದನ್ನು ಈಗ ಕಲಿಸುವ ಹೊಣೆಯೂ ನಮ್ಮದೇ.

ಇಂಥ ಜೋಡಿ ಪಾಠವನ್ನು ಬೇರೆಯವರೂ ಮಾಡಿ ನೋಡಿದ್ದಾರೆ. ಅಮೆರಿಕದ ಶಿಕಾಗೊ ನಗರದ ಬಡ ಬಡಾವಣೆಯೊಂದರ ಹಾರ್ಪರ್ ಹೈಸ್ಕೂಲಿನಲ್ಲಿ 2012-13ರಲ್ಲಿ 106 ಹುಡುಗರ ನಡುವೆ ಒಂದು ಪ್ರಯೋಗ ನಡೆಯಿತು. ಒಂದು ಕಡೆ ದಿನಕ್ಕೊಂದು ಗಂಟೆ ಗಣಿತ, ಇಬ್ಬರು ಹುಡುಗರಿಗೆ ಒಬ್ಬ ಮೇಷ್ಟ್ರು. ಜೊತೆಗೆ 'ಬಿಕಮಿಂಗ್ ಎ ಮ್ಯಾನ್' ಎಂಬ ಬದುಕಿನ ಪಾಠದ ಕಾರ್ಯಕ್ರಮ. ಗಣಿತದ ಅಂಕ ಚೆನ್ನಾಗಿ ಏರಿತು. ಆ ಕಾರ್ಯಕ್ರಮದ ಮೊದಲ ಪಾಠ ಹೀಗಿದೆ: ಹುಡುಗರನ್ನು ಇಬ್ಬಿಬ್ಬರಾಗಿ ನಿಲ್ಲಿಸಿ ಒಬ್ಬನ ಕೈಗೆ ಚೆಂಡು ಕೊಡುತ್ತಾರೆ. ಇನ್ನೊಬ್ಬನಿಗೆ, ಮೂವತ್ತು ಸೆಕೆಂಡಿನಲ್ಲಿ ಅವನ ಮುಷ್ಟಿಯಿಂದ ಚೆಂಡು ತೆಗೆ ಎನ್ನುತ್ತಾರೆ. ಎಲ್ಲರೂ ಗುದ್ದಾಡುತ್ತಾರೆ, ಬೆರಳು ತಿರುಚುತ್ತಾರೆ, ನೆಲಕ್ಕೆ ಬೀಳುತ್ತಾರೆ. ಮುಗಿದ ಮೇಲೆ ಕೇಳುವುದು ಒಂದೇ ಪ್ರಶ್ನೆ, "ಕೊಡು ಎಂದು ಯಾಕೆ ಕೇಳಲಿಲ್ಲ?" ಕೇಳಿದ್ದರೆ ಕೊಡುತ್ತಿದ್ದೆಯಾ ಎಂದು ಎದುರಿನವನನ್ನು ಕೇಳಿದರೆ, ಕೊಡುತ್ತಿದ್ದೆ, ಬರೀ ಚೆಂಡು ತಾನೆ ಎನ್ನುತ್ತಾನೆ. ಇನ್ನೂ ಹೆಚ್ಚು ಹುಡುಗರೊಂದಿಗೆ ನಡೆದ ಬೇರೆ ಅಧ್ಯಯನಗಳಲ್ಲಿ, ಕಾರ್ಯಕ್ರಮ ನಡೆಯುವಷ್ಟು ಕಾಲ ಹೊಡೆದಾಟದಂಥ ಅಪರಾಧಗಳಿಗೆ ಬಂಧನವಾಗುವುದು ಹತ್ತಿರ ಹತ್ತಿರ ಅರ್ಧಕ್ಕೆ ಇಳಿಯಿತು. ನಿಲ್ಲಿಸಿದ ಮೇಲೆ ಆ ಫಲ ಉಳಿಯಲಿಲ್ಲ. ನನ್ನ ದೃಷ್ಟಿಯಲ್ಲಿ ಮುಖ್ಯವಾದದ್ದು ಈ ಕೊನೆಯ ಸಂಗತಿ. ಒಂದು ದಿನದ ಶಿಬಿರದಿಂದ ಆಗದು, ವರ್ಷಗಟ್ಟಲೆ ಬರಬೇಕು.

ದೊಡ್ಡ ಪದವಿ ಇದ್ದವರೇ ಕಲಿಸಬೇಕು ಎಂದೇನೂ ಇಲ್ಲ. ಅದನ್ನು ಲೋಕಕ್ಕೆ ತೋರಿಸಿದ ಊರುಗಳಲ್ಲಿ ನಮ್ಮ ಮುಂಬಯಿಯೂ ಒಂದು. ಇಲ್ಲಿನ ಕೊಳೆಗೇರಿಗಳಲ್ಲಿ ಹುಟ್ಟಿದ ಪ್ರಥಮ್ ಸಂಸ್ಥೆ, ಓದಿನಲ್ಲಿ ಹಿಂದುಳಿದ ಮೂರನೇ, ನಾಲ್ಕನೇ ತರಗತಿ ಮಕ್ಕಳಿಗೆ ಅದೇ ಬಡಾವಣೆಯ ಯುವತಿಯರಿಂದ ದಿನಕ್ಕೆ ಎರಡು ಗಂಟೆ ಪಾಠ ಹೇಳಿಸಿತು. 'ಬಾಲಸಖಿ' ಎಂಬ ಈ ಕಾರ್ಯಕ್ರಮವನ್ನು ಅರ್ಥಶಾಸ್ತ್ರಜ್ಞರಾದ ಅಭಿಜಿತ್ ಬ್ಯಾನರ್ಜಿ, ಎಸ್ತರ್ ಡುಫ್ಲೊ ಮತ್ತು ಅವರ ಜೊತೆಗಾರರು 2001ರಿಂದ ಮುಂಬಯಿ, ವಡೋದರಾಗಳಲ್ಲಿ ಪರೀಕ್ಷಿಸಿ ನೋಡಿದರು. ಮಕ್ಕಳು ನಿಜವಾಗಿ ಕಲಿತಿದ್ದರು. ಹೈಸ್ಕೂಲು ಮುಗಿಸಿದ ಹುಡುಗಿಯರು ಮಾಡಿದ ಕೆಲಸವನ್ನು ಬ್ಯಾಂಕಿನಿಂದ ನಿವೃತ್ತರಾದ ನೀವು, ಕಾಲೇಜಿನಲ್ಲಿರುವ ನಿಮ್ಮ ಮಗಳು, ಲೆಕ್ಕಪರಿಶೋಧಕರ ಕಚೇರಿಯಲ್ಲಿ ತರಬೇತಿಗಿರುವ ನಿಮ್ಮ ಸೋದರಳಿಯ ಮಾಡಲಾರಿರಾ?

ಹುಡುಗರಿಗೆ ಮಾತ್ರ ಯಾಕೆ, ಹುಡುಗಿಯರು ಬೇಡವೇ ಎಂದು ಕೇಳುವ ಅಕ್ಕಂದಿರು ಇರುತ್ತಾರೆ, ಕೇಳಲೇಬೇಕು. ಹುಡುಗಿಯರ ಓದಿಗಾಗಿ ನಡೆಯುವ ಯಾವ ಕೆಲಸದಿಂದಲೂ ಒಂದು ರೂಪಾಯಿ ಕಡಿಮೆಯಾಗಬಾರದು. ಆದರೆ ಅಕ್ಕತಂಗಿಯರ ಬದುಕು ಹಗುರವಾಗಬೇಕಾದರೆ ಮನೆಯ ಹುಡುಗ ಬದಲಾಗಬೇಕು. 1991ರಲ್ಲಿ ಮುಂಬಯಿಯ ಪತ್ರಿಕೆಯೊಂದರಲ್ಲಿ, ಹೆಂಡತಿಯನ್ನು ಹೊಡೆಯುವುದನ್ನು ವಿರೋಧಿಸುವ ಗಂಡಸರು ಬೇಕು ಎಂಬ ಮನವಿ ಪ್ರಕಟವಾಗಿತ್ತು. ಅದಕ್ಕೆ ಓಗೊಟ್ಟು ಇನ್ನೂರಕ್ಕೂ ಹೆಚ್ಚು ಗಂಡಸರು ಮುಂದೆ ಬಂದರು. ಅಲ್ಲಿಂದ 1993ರಲ್ಲಿ 'ಮಾವಾ' ಸಂಸ್ಥೆ ಬೆಳೆಯಿತು, ಹರೀಶ್ ಸದಾನಿ ಮತ್ತು ಗೆಳೆಯರು ಅಂದಿನಿಂದ ಯುವಕರ ನಡುವೆ ಈ ಮಾತು ಆಡುತ್ತ ಬಂದಿದ್ದಾರೆ. 2008ರಲ್ಲಿ ಪಾಲಿಕೆ ಶಾಲೆಗಳಲ್ಲೂ ಹುಡುಗ ಹುಡುಗಿಯರಿಗೆ ಸಮಾನತೆಯ ಪಾಠ ಹೇಳುವ ಕಾರ್ಯಕ್ರಮ ಆರಂಭವಾಯಿತು. ನಮ್ಮ ಸಂಜೆ ತರಗತಿಯಲ್ಲೂ ಈ ಮಾತು ಬರಲಿ. ಬೇಡ ಎಂದವಳ ಹಿಂದೆ ಬೀಳಬಾರದು ಎಂದು ಬಿಡಿಸಿ ಹೇಳಿ. ತಂಗಿಯ ಫೋನ್ ಕಿತ್ತುಕೊಳ್ಳುವುದು ಕಾಳಜಿಯಲ್ಲ ಎಂದು ಹೇಳಿ. ಹೋಟೆಲಿನಲ್ಲಿ ನೂರು ಜನರ ತಟ್ಟೆ ಎತ್ತುವ ಹುಡುಗ ಊರಿಗೆ ಹೋದಾಗ ತಾನು ಉಂಡ ತಟ್ಟೆಯನ್ನು ಅಮ್ಮನಿಗೆ ಬಿಟ್ಟು ಏಳುತ್ತಾನೆ, ಯಾಕೆ ಎಂದು ಅವನನ್ನೇ ಕೇಳಿ. ಕಲಿಸುವವರಲ್ಲಿ ಹೆಂಗಸರು ಇರಲೇಬೇಕು. ಹೆಣ್ಣುಮಗಳೊಬ್ಬಳು ತನ್ನ ತಪ್ಪು ಲೆಕ್ಕ ತಿದ್ದುವುದನ್ನು ತಾಳ್ಮೆಯಿಂದ ಕೇಳಿಸಿಕೊಳ್ಳುವುದೂ ಅವನಿಗೊಂದು ಕಲಿಕೆ.

ಯಾವ ಭಾಷೆಯಲ್ಲಿ ಎಂಬ ಪ್ರಶ್ನೆಗೆ ನನ್ನ ಉತ್ತರ ಸರಳ. ಪಾಠ ಅವನು ಪರೀಕ್ಷೆ ಬರೆಯುವ ಭಾಷೆಯಲ್ಲಿ, ಮಾತು ಅವನಿಗೆ ಸಲೀಸಾದ ಭಾಷೆಯಲ್ಲಿ. ಕುಂದಾಪುರದ ಕನ್ನಡವೋ, ಕಲಬುರಗಿಯ ಕನ್ನಡವೋ, ತುಳುವೋ, ಲಂಬಾಣಿಯೋ ಇರಲಿ. ಮರಾಠಿ ಮಾತ್ರ ಚೆನ್ನಾಗಿ ಕಲಿಸಬೇಕು. ವಾರ್ಡ್ ಆಫೀಸಿನಲ್ಲಿ, ಪೊಲೀಸ್ ಠಾಣೆಯಲ್ಲಿ, ಸರ್ಕಾರಿ ಆಸ್ಪತ್ರೆಯಲ್ಲಿ ತಲೆ ಎತ್ತಿ ಮಾತಾಡಲು ಅದು ಬೇಕು.

ಹೋಟೆಲ್ ಮಾಲೀಕರೇ, ನಿಮ್ಮಲ್ಲಿ ಅನೇಕರ ತಂದೆ, ದೊಡ್ಡಪ್ಪಂದಿರು ರಾತ್ರಿ ಶಾಲೆಯಲ್ಲಿ ಓದಿದವರು. ಸಂಜೆ ಗಿರಾಕಿ ಹೆಚ್ಚುವ ಹೊತ್ತು ಎಂಬುದು ನನಗೆ ತಿಳಿದಿದೆ. ಆದರೂ ವಾರಕ್ಕೆ ಎರಡು ದಿನ ಒಬ್ಬ ಹುಡುಗನ ಪಾಳಿ ಬದಲಿಸಿ ಆರೂವರೆಗೆ ಬಿಡಿ, ಸಂಬಳ ಮುರಿಯಬೇಡಿ. ತರಗತಿಗೆ ಒಂದು ಡಬ್ಬ ಉಪ್ಪಿಟ್ಟು, ಒಂದು ಕೆಟಲ್ ಚಹಾ ಕಳಿಸಿದರೆ ನಿಮ್ಮ ಪಾಲಿನ ದೊಡ್ಡ ಕೆಲಸ ಆಯಿತು. ಸಂಘಗಳ ಪದಾಧಿಕಾರಿಗಳೇ, ವಿದ್ಯಾರ್ಥಿವೇತನ ಕೊಡುವುದನ್ನು ನಿಲ್ಲಿಸಬೇಡಿ. ಆದರೆ ನೂರಕ್ಕೆ ತೊಂಬತ್ತು ತೆಗೆದ ಮಗುವಿಗೆ ವೇದಿಕೆ ಇದ್ದೇ ಇದೆ. ಮೂವತ್ತೈದು ಬಾರದೆ ಹೋದವನಿಗೆ ಒಂದು ಬೆಂಚು ಕೊಡಿ. ಯಾವ ಜಾತಿ, ಯಾವ ಜಿಲ್ಲೆ ಎಂದು ಬಾಗಿಲಲ್ಲಿ ಕೇಳಬೇಡಿ.

ಕಲಿಸಲು ಬರುವವರು ಕೆಲವನ್ನು ಮೊದಲೇ ಒಪ್ಪಿಕೊಂಡು ಬರಬೇಕು. ಒಬ್ಬರಿಗೆ ಇಬ್ಬರು ಮೂವರಿಗಿಂತ ಹೆಚ್ಚು ಹುಡುಗರು ಬೇಡ. ಹದಿನೆಂಟರ ಒಳಗಿನವರಿದ್ದರೆ ಮನೆಯವರ ಒಪ್ಪಿಗೆ ಇರಬೇಕು, ಕೋಣೆಯಲ್ಲಿ ಯಾವಾಗಲೂ ಇಬ್ಬರು ದೊಡ್ಡವರು ಇರಬೇಕು, ಬಾಗಿಲು ತೆರೆದಿರಬೇಕು. ಹುಡುಗ ಹೇಳಿಕೊಂಡ ಮಾತು ಸಂಘದ ಸಭೆಯಲ್ಲಿ ಹರಟೆಯ ವಸ್ತುವಾಗಬಾರದು. ನಾವು ಮನೋವೈದ್ಯರಲ್ಲ. ಕಷ್ಟ ನಮ್ಮ ಕೈ ಮೀರಿದ್ದು ಎನ್ನಿಸಿದರೆ ಸರ್ಕಾರದ ಟೆಲಿ ಮಾನಸ್ 14416ಕ್ಕೆ ಹುಡುಗನ ಪಕ್ಕದಲ್ಲಿ ಕೂತು ನಾವೇ ಫೋನ್ ಹಚ್ಚಿಕೊಡೋಣ. ಹಗಲೂ ರಾತ್ರಿ ಸಿಗುತ್ತದೆ, ಕನ್ನಡದಲ್ಲೂ ಮಾತಾಡುತ್ತಾರೆ. ಮತ್ತೆ, ಶುರುಮಾಡಿ ಎರಡು ತಿಂಗಳಿಗೆ ಬಿಟ್ಟುಹೋಗುವುದಾದರೆ ದಯವಿಟ್ಟು ಬರಲೇಬೇಡಿ. ಈ ಹುಡುಗರನ್ನು ಬಿಟ್ಟುಹೋದವರು ಈಗಾಗಲೇ ಬಹಳ ಮಂದಿ.

ಎಸ್ಸೆಸ್ಸಿ ಪರೀಕ್ಷೆ ಫೆಬ್ರವರಿ ಕೊನೆಗೋ ಮಾರ್ಚಿಗೋ ಬರುತ್ತದೆ. ಶಾಲೆ ಬಿಟ್ಟವನು ಖಾಸಗಿ ಅಭ್ಯರ್ಥಿಯಾಗಿ ಕೂರಬೇಕಾದರೆ ಮಂಡಳಿಯ 17ನೇ ನಂಬರಿನ ಅರ್ಜಿಯನ್ನು ತಿಂಗಳುಗಳ ಮೊದಲೇ ತುಂಬಬೇಕು. ಶಾಲೆ ಬಿಟ್ಟ ದಾಖಲೆ, ಆಧಾರ್, ಫೋಟೊ ಎಲ್ಲ ಬೇಕು, ಊರಿನಿಂದ ತರಿಸಬೇಕಾದರೆ ಇನ್ನಷ್ಟು ದಿನ ಹಿಡಿಯುತ್ತದೆ. ಆದ್ದರಿಂದ ಮಳೆಗಾಲದಲ್ಲೇ ಆರಂಭಿಸಬೇಕು. ನಿಮ್ಮ ಸಂಘದ ಕಾರ್ಯದರ್ಶಿಗೆ ಈ ವಾರವೇ ಫೋನ್ ಮಾಡಿ. ಮಂಗಳವಾರ, ಗುರುವಾರ ಸಂಜೆ ಸಭಾಂಗಣ ಯಾರಿಗಾದರೂ ಕೊಟ್ಟಿದ್ದೀರಾ, ಬೀಗದ ಕೈ ಯಾರ ಹತ್ತಿರ ಇದೆ ಎಂದು ಕೇಳಿ. ಆಮೇಲೆ ನಿಮಗೆ ಗೊತ್ತಿರುವ ಒಬ್ಬ ಹುಡುಗನನ್ನು ಕರೆದು, ಯಾವ ಸಬ್ಜೆಕ್ಟ್ ಹೋಗಿತ್ತಪ್ಪಾ ಎಂದು ಕೇಳಿ, ಆ ಪುಸ್ತಕ ಕೊಂಡು ತನ್ನಿ.